ಸುಲಭವೆಂದರೆ ಯಾರಿಗೆ?

ನನ್ನಲ್ಲಿ ಓದಿದ ಹಲವರು ಇಂದು ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾರೆ. ಅವರು ಅಂದೋಲಾಕ್ಕೆ ಬಂದಾಗಲೆಲ್ಲ ನಡೆಯುವ ಒಂದು ವಾದವನ್ನು ಇಪ್ಪತ್ತು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ: ಬಳಸಲು ವಿಂಡೋಸ್ ಸುಲಭವೋ, ಲಿನಕ್ಸ್ ಸುಲಭವೋ? ವಿಂಡೋಸಿನಲ್ಲಿ ಎಲ್ಲವೂ ಕೈಗೆ ಸಿಗುವಂತಿದೆ ಎಂದು ಒಬ್ಬನು ಹೇಳಿದರೆ, ದುಡ್ಡಿಲ್ಲದೆ ದೊರೆಯುವ ಲಿನಕ್ಸನ್ನು ಬಿಟ್ಟು ಅದನ್ನೇಕೆ ಹಿಡಿದಿದ್ದೀರಿ ಎಂದು ಇನ್ನೊಬ್ಬನು ಕೇಳುತ್ತಾನೆ. ಇಬ್ಬರೂ ಇಂಗ್ಲಿಷ್ ಬಲ್ಲವರು. ಕನ್ನಡದಲ್ಲಿ ಒಂದು ಅರ್ಜಿ ಬರೆಯಬೇಕಾದವನಿಗೆ ಯಾವುದು ಸುಲಭ ಎಂಬ ಪ್ರಶ್ನೆ ಅವರ ನಡುವೆ ಬರುವುದೇ ಇಲ್ಲ. ಕರ್ನಾಟಕದ ಮಟ್ಟಿಗೆ ಈ ಸ್ಪರ್ಧೆಯನ್ನು ತೀರ್ಮಾನಿಸಿದ್ದು ಆ ಪ್ರಶ್ನೆಯೇ ಎಂಬುದು ನನ್ನ ಅಭಿಪ್ರಾಯ.

ಚಿತ್ರಗಳನ್ನು ಒತ್ತಿ ಕೆಲಸ ಮಾಡಿಸುವ ಪದ್ಧತಿಯನ್ನು ಆಪಲ್ ಸಂಸ್ಥೆಯ ಮ್ಯಾಕಿಂಟಾಷ್ 1984ರಲ್ಲಿ ಜನಪ್ರಿಯಗೊಳಿಸಿತು. ಮರುವರ್ಷವೇ ವಿಂಡೋಸ್ ಬಂದಿತು. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸನ್ನು ಹೊರತಂದನು. ಈ ಮೂರಕ್ಕೂ ಆಗ ಕನ್ನಡ ಬರುತ್ತಿರಲಿಲ್ಲ.

ಆ ಕೊರತೆಯನ್ನು ನೀಗಿದವರು ನಮ್ಮವರೇ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದಿತು. ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯನ್ನು ಸರಕಾರ ತನ್ನ ಕಚೇರಿಗಳಿಗೆ ಒಪ್ಪಿಕೊಂಡಿತು. ನುಡಿಯಲ್ಲಿ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವಿತ್ತು. ಇಂಗ್ಲಿಷಿನ ‘ಕೆ’ ಒತ್ತಿದರೆ ಕ. ಒತ್ತಕ್ಷರ ಬೇಕಾದಾಗ ನಡುವೆ ‘ಎಫ್’. ‘ಅಮ್ಮ’ ಎಂದು ಬರೆಯಲು ನಾಲ್ಕೇ ಕೀಲಿಗಳು ಸಾಕು. ಬೆರಳಚ್ಚು ಯಂತ್ರದ ಮುಂದೆ ವರ್ಷಗಟ್ಟಲೆ ಕುಳಿತವರಿಗೂ ಇದು ಬೆರಗಿನ ಸಂಗತಿಯಾಗಿತ್ತು. ಆದರೆ ನುಡಿಯೂ ಬರಹವೂ ವಿಂಡೋಸಿನ ಮೇಲೆ ಮಾತ್ರ ನಡೆಯುತ್ತಿದ್ದವು. ನಮ್ಮ ಗುಮಾಸ್ತರು ಕಲಿತದ್ದು ನುಡಿಯನ್ನು. ಸುಲಭವೆಂದು ಹೊಗಳಿದ್ದು ವಿಂಡೋಸನ್ನು.

ಇದರೊಳಗೆ ಒಂದು ತೊಡಕು ಅಡಗಿತ್ತು. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿ ಈ ಫಾಂಟುಗಳನ್ನು ಮಾಡಿದ್ದರು. ಕಾಣುವುದಕ್ಕೆ ಕನ್ನಡ, ಒಳಗೆ ಕಂಪ್ಯೂಟರಿಗೆ ಅದು ಇಂಗ್ಲಿಷ್. ಶ್ರೀಲಿಪಿ, ಆಕೃತಿ ಮೊದಲಾದವು ತಮ್ಮದೇ ಬೇರೆ ಜೋಡಣೆ ಇಟ್ಟುಕೊಂಡಿದ್ದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು.

ನಮ್ಮ ಭಾಗದ ಹಿರಿಯರಿಗೆ ಈ ಅನುಭವ ಹೊಸದಲ್ಲ. ನಿಜಾಮರ ಆಳ್ವಿಕೆಯಲ್ಲಿ ಅಂದೋಲಾ ಒಂದು ತಾಲೂಕಿಗೆ ಹೆಸರು ಕೊಟ್ಟ ಊರು. ಕಚೇರಿಯ ಭಾಷೆ ಉರ್ದು. ತನ್ನ ಹೊಲದ ಕಾಗದ ತನ್ನ ಪೆಟ್ಟಿಗೆಯಲ್ಲೇ ಇದ್ದರೂ ಅದನ್ನು ಓದಿಸಿಕೊಳ್ಳಲು ರೈತನು ಉರ್ದು ಬಲ್ಲ ಇನ್ನೊಬ್ಬರ ಮನೆಯ ಕಟ್ಟೆಗೆ ಹೋಗಬೇಕಾಗಿತ್ತು. 1948ರಲ್ಲಿ ಆ ಆಳ್ವಿಕೆ ಮುಗಿದರೂ ಆ ಕಾಗದಗಳು ಉಳಿದವು.

ತೊಡಕಿಗೆ ಪರಿಹಾರವಾದ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಅದು ‘ತುಂಗಾ’ ಎಂಬ ಫಾಂಟಿನೊಡನೆ ಬಂದಿತು. ಬಂದರೇನು? ಭಾಷೆಗಳ ಪುಟಕ್ಕೆ ಹೋಗಿ, ಒಂದು ಚೌಕದಲ್ಲಿ ಗುರುತು ಹಾಕಿ, ಮೂಲ ಸಿಡಿಯನ್ನು ತುರುಕಿದ ಮೇಲೆಯೇ ಕನ್ನಡ ಸರಿಯಾಗಿ ಮೂಡುತ್ತಿತ್ತು. ಮೂಲ ಸಿಡಿ ಯಾರ ಬಳಿ ಇತ್ತು, ಹೇಳಿ! ಲಿನಕ್ಸಿನಲ್ಲಿಯಾದರೋ ಸ್ವಯಂಸೇವಕರು ಗ್ನೋಮ್, ಕೆಡಿಇ ಎಂಬ ಅದರ ಮುಖಪುಟಗಳ ಆದೇಶಗಳನ್ನೇ ಕನ್ನಡಕ್ಕೆ ತಿರುಗಿಸಿದರು. ‘ಫೈಲ್’ ಎಂಬಲ್ಲಿ ‘ಕಡತ’ ಎಂದು ಕಂಡು ನಕ್ಕವರನ್ನು ನಾನು ಬಲ್ಲೆ. ಅವರೂ ಒಂದು ದಿನ ‘ಫೈಲ್’ ಎಂಬುದನ್ನು ಬಾಯಿಪಾಠ ಮಾಡಿಯೇ ಕಲಿತವರು. ಮೈಕ್ರೋಸಾಫ್ಟ್ ಕೂಡ ಮುಂದೆ ಎಕ್ಸ್‌ಪಿಗೆ ಕನ್ನಡದ ಆದೇಶಗಳನ್ನು ಒದಗಿಸಿತು. ಆದರೆ ತಾಲೂಕು ಕಚೇರಿಯಿಂದ ಬಂದ ನುಡಿಯ ಕಡತ ಲಿನಕ್ಸಿನಲ್ಲಿ ನೆಟ್ಟಗೆ ತೆರೆಯದಿರುವಾಗ, ಕನ್ನಡದ ಆದೇಶಗಳಿಂದ ಯಾರಿಗೆ ಏನು ಪ್ರಯೋಜನ?

ಲಿನಕ್ಸ್ ಮಕ್ಕಳಿಗೆ ಕಷ್ಟ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳನ್ನು ನೋಡಿ. ಕೇರಳ ಸರಕಾರ 2001ರಲ್ಲಿ ಆರಂಭಿಸಿದ ‘ಐಟಿ ಅಟ್ ಸ್ಕೂಲ್’ ಯೋಜನೆ ಮುಂದೆ ಲಿನಕ್ಸನ್ನು ಹಿಡಿಯಿತು. ಶಿಕ್ಷಕರಿಗೆ ತರಬೇತಿ ಕೊಟ್ಟಿತು. ಅಲ್ಲಿಯ ಮಕ್ಕಳು ಮೊದಲು ಮುಟ್ಟಿದ್ದೇ ಅದನ್ನು. ಅವರಿಗೆ ವಿಂಡೋಸೇ ಅಪರಿಚಿತ. ಮೊದಲು ಕಲಿತದ್ದನ್ನು ಸುಲಭವೆನ್ನುವುದು ಮನುಷ್ಯ ಸ್ವಭಾವ. ನಲವತ್ತು ವರ್ಷ ಮಗ್ಗಿ ಹೇಳಿಕೊಟ್ಟವನಿಗೆ ಇದು ತಿಳಿಯದ್ದೇನಲ್ಲ.

ಡಾ. ಚಿದಾನಂದ ಗೌಡರ ಸಮಿತಿ ಯೂನಿಕೋಡನ್ನು ಶಿಫಾರಸು ಮಾಡಿತು. 2012ರಲ್ಲಿ ಕರ್ನಾಟಕ ಸರಕಾರ ಅದನ್ನು ಶಿಷ್ಟತೆಯಾಗಿ ಒಪ್ಪಿತು. ಆಪಲ್ ಯಂತ್ರಗಳಿಗೆ 2011ರಲ್ಲಿ ಕನ್ನಡ ಫಾಂಟುಗಳು ಬಂದಿದ್ದವು. ಕೆ.ಪಿ. ರಾವ್ ಅವರ ವಿನ್ಯಾಸ ಲಿನಕ್ಸಿನಲ್ಲಿಯೂ ದೊರೆಯುತ್ತದೆ. 2019ರಲ್ಲಿ ವಿಂಡೋಸ್ 10 ಕೂಡ ಧ್ವನಿಗೆ ಹೊಂದುವ ಕನ್ನಡ ಕೀಲಿಮಣೆಯನ್ನು ತನ್ನೊಳಗೇ ಸೇರಿಸಿಕೊಂಡಿತು. ಇಂದು ಕನ್ನಡದಲ್ಲಿ ಬರೆಯುವವನಿಗೆ ಈ ವ್ಯವಸ್ಥೆಗಳಲ್ಲಿ ದೊಡ್ಡ ಅಂತರ ಉಳಿದಿಲ್ಲ.

ಉಳಿದಿರುವುದು ಹಳೆಯ ಕಡತಗಳು. ನನ್ನ ಸಹೋದ್ಯೋಗಿಯೊಬ್ಬರು ನಮ್ಮ ಸುತ್ತಲಿನ ಹಳ್ಳಿಗಳ ಹೆಂಗಸರಿಂದ ಕೇಳಿ ಬರೆದುಕೊಂಡ ಬೀಸುವಕಲ್ಲಿನ ಪದಗಳನ್ನು 2003ರಲ್ಲಿ ಹಳೆಯ ಫಾಂಟಿನಲ್ಲಿ ಟೈಪು ಮಾಡಿಸಿ ಸಿಡಿಯಲ್ಲಿ ಇಟ್ಟಿದ್ದರು. ಅವರು ಈಗ ಇಲ್ಲ. ಹಾಡಿದವರಲ್ಲಿಯೂ ಹೆಚ್ಚಿನವರು ಇಲ್ಲ. ಶಿಷ್ಯನೊಬ್ಬನು ಅವನ್ನು ಯೂನಿಕೋಡಿಗೆ ಪರಿವರ್ತಿಸಿ ಕಳುಹಿಸಿದ್ದಾನೆ. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುವುದರಿಂದ ಕೆಲವೆಡೆ ಅದು ಸ್ಥಾನ ತಪ್ಪಿದೆ. ನಮ್ಮ ‘ಜೇವರ್ಗಿ’ಯೇ ಪ್ರತಿ ಪುಟದಲ್ಲಿ ಮುರಿದು ಬಿದ್ದಿದೆ. ಎಪ್ಪತ್ತು ಪುಟಗಳನ್ನು ತಿದ್ದಿದ್ದೇನೆ, ಇನ್ನೂ ನೂರಿವೆ. ಹಳೆಯ ನುಡಿ, ಬರಹ ಕಡತಗಳು ನಿಮ್ಮಲ್ಲಿಯೂ ಇದ್ದರೆ ಫಾಂಟಿನ ಹೆಸರಿನೊಡನೆ ಕಳುಹಿಸಿಕೊಡಿ.