ಸ್ತನ ಕ್ಯಾನ್ಸರ್: ಹಾರ್ಮೋನ್ ತಡೆಯುವ ಔಷಧಗಳ ಪಾತ್ರ

ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಮರಳಿದ ಸ್ತನ ಕ್ಯಾನ್ಸರ್ ರೋಗಿಗೆ ವೈದ್ಯರು ದಿನಕ್ಕೊಂದರಂತೆ ವರ್ಷಗಟ್ಟಲೆ ಸೇವಿಸಬೇಕಾದ ಮಾತ್ರೆಯೊಂದನ್ನು ಬರೆದುಕೊಡುವುದುಂಟು. ಗೆಡ್ಡೆಯನ್ನು ತೆಗೆದ ಮೇಲೂ ಮಾತ್ರೆ ಏಕೆ ಎಂಬ ಪ್ರಶ್ನೆ ಸಹಜ.

ಹಾರ್ಮೋನಿನ ನಂಟು

ಹಲವು ಸ್ತನ ಗೆಡ್ಡೆಗಳ ಜೀವಕೋಶಗಳಲ್ಲಿ ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕಗಳಿರುತ್ತವೆ. ಬೀಗಕ್ಕೆ ಕೀಲಿಕೈ ಹೊಂದಿದಂತೆ ಹಾರ್ಮೋನು ಇವುಗಳನ್ನು ಕೂಡಿಕೊಂಡಾಗ ಜೀವಕೋಶ ವೃದ್ಧಿಸತೊಡಗುತ್ತದೆ. ಅಂಡಾಶಯಗಳನ್ನು ತೆಗೆದರೆ ಗೆಡ್ಡೆ ಕುಗ್ಗಬಲ್ಲದೆಂಬುದನ್ನು ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್ 1896ರಲ್ಲಿಯೇ ವರದಿ ಮಾಡಿದ್ದರು. ಆಗ ಈಸ್ಟ್ರೋಜನ್ ಇನ್ನೂ ಪತ್ತೆಯಾಗಿರಲಿಲ್ಲ.

ಎರಡು ಬಗೆಯ ಮಾತ್ರೆಗಳು

ಟ್ಯಾಮೋಕ್ಸಿಫೆನ್ ಸ್ತನದ ಜೀವಕೋಶಗಳಲ್ಲಿನ ಗ್ರಾಹಕವನ್ನು ತಾನೇ ಆಕ್ರಮಿಸಿ, ಈಸ್ಟ್ರೋಜನ್ನಿಗೆ ಎಡೆಯಿಲ್ಲದಂತೆ ಮಾಡುತ್ತದೆ. 1960ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಗರ್ಭನಿರೋಧಕದ ಶೋಧನೆಯಲ್ಲಿ ತಯಾರಾದ ಈ ರಾಸಾಯನಿಕ, ಆ ಕೆಲಸಕ್ಕೆ ಒದಗದೆ ಕ್ಯಾನ್ಸರ್ ಔಷಧವಾಯಿತು. ಮುಟ್ಟು ನಿಲ್ಲದ ಮಹಿಳೆಯರಿಗೂ ಇದು ಉಪಯುಕ್ತ.

ಅನಾಸ್ಟ್ರೊಜೋಲ್, ಲೆಟ್ರೊಜೋಲ್ ಮೊದಲಾದವು ಎರಡನೆಯ ಬಗೆಯವು. ಮುಟ್ಟು ನಿಂತ ನಂತರವೂ ಕೊಬ್ಬು ಮತ್ತಿತರ ಅಂಗಾಂಶಗಳು ಅರೊಮಟೇಸ್ ಎಂಬ ಕಿಣ್ವದ ನೆರವಿನಿಂದ ಈಸ್ಟ್ರೋಜನ್ ತಯಾರಿಸುತ್ತವೆ. ಈ ಮಾತ್ರೆಗಳು ಆ ಕಿಣ್ವವನ್ನೇ ತಡೆಯುತ್ತವೆ. ಅಂಡಾಶಯ ಕೆಲಸ ಮಾಡುತ್ತಿರುವವರಿಗೆ ಇವನ್ನು ನೀಡಬೇಕಾದರೆ, ಅಂಡಾಶಯವನ್ನು ಸುಮ್ಮನಾಗಿಸುವ ಚುಚ್ಚುಮದ್ದೂ ಬೇಕಾಗುತ್ತದೆ.

ಯಾರಿಗೆ ಪ್ರಯೋಜನ?

ಗೆಡ್ಡೆಯ ತುಣುಕಿನ ಪರೀಕ್ಷೆಯಲ್ಲಿ ಹಾರ್ಮೋನ್ ಗ್ರಾಹಕಗಳು ಕಂಡುಬಂದವರಿಗೆ ಮಾತ್ರ. ವರದಿಯಲ್ಲಿ ಇದನ್ನು ‘ಇ.ಆರ್.’, ‘ಪಿ.ಆರ್.’ ಎಂದು ನಮೂದಿಸಿರುತ್ತಾರೆ. ಗ್ರಾಹಕಗಳಿಲ್ಲದ ಗೆಡ್ಡೆಗೆ ಈ ಮಾತ್ರೆಗಳಿಂದ ಫಲವಿಲ್ಲ.

ಅಡ್ಡಪರಿಣಾಮಗಳು

ಮೈ ಬಿಸಿಯೇರುವುದು, ಬೆವರುವುದು ಸಾಮಾನ್ಯ. ಟ್ಯಾಮೋಕ್ಸಿಫೆನ್‌ನಿಂದ ರಕ್ತ ಹೆಪ್ಪುಗಟ್ಟುವ ಹಾಗೂ ವಿರಳವಾಗಿ ಗರ್ಭಕೋಶದ ಕ್ಯಾನ್ಸರಿನ ಅಪಾಯವಿದೆ. ಮುಟ್ಟು ನಿಂತವರಲ್ಲಿ ರಕ್ತಸ್ರಾವ, ಕಾಲಿನ ಊತ, ಉಸಿರಾಟದ ತೊಂದರೆ ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಎರಡನೆಯ ಬಗೆಯ ಮಾತ್ರೆಗಳು ಕೀಲುನೋವು, ಮೂಳೆ ಸವೆತ ಉಂಟುಮಾಡಬಹುದು. ಟ್ಯಾಮೋಕ್ಸಿಫೆನ್ ಸೇವಿಸುವಾಗ ಗರ್ಭ ಧರಿಸಕೂಡದು.

ನಡುವೆ ನಿಲ್ಲಿಸದಿರಿ

ಶಸ್ತ್ರಚಿಕಿತ್ಸೆಯ ನಂತರವೂ ಕಣ್ಣಿಗೆ ಕಾಣದ ಕ್ಯಾನ್ಸರ್ ಜೀವಕೋಶಗಳು ದೇಹದಲ್ಲಿ ಉಳಿದಿರಬಹುದು. ಅನೇಕ ವರ್ಷಗಳ ಬಳಿಕ ತಲೆಯೆತ್ತಬಹುದು. ಆದ್ದರಿಂದಲೇ ಚಿಕಿತ್ಸೆ ಸಾಮಾನ್ಯವಾಗಿ 5 ವರ್ಷ, ಕೆಲವರಿಗೆ 10 ವರ್ಷ. ಗ್ರಾಹಕವುಳ್ಳ ಗೆಡ್ಡೆಯ ರೋಗಿಗಳು 5 ವರ್ಷ ಟ್ಯಾಮೋಕ್ಸಿಫೆನ್ ಸೇವಿಸಿದಾಗ, ಮುಂದಿನ ವರ್ಷಗಳಲ್ಲಿ ಈ ರೋಗದಿಂದ ಸಂಭವಿಸುವ ಸಾವು ಸುಮಾರು ಮೂರನೇ ಒಂದರಷ್ಟು ತಗ್ಗುತ್ತದೆಂದು ಅಧ್ಯಯನಗಳು ತೋರಿಸಿವೆ. ಆರೋಗ್ಯ ಚೆನ್ನಾಗಿದೆಯೆಂದೋ, ಅಡ್ಡಪರಿಣಾಮಕ್ಕೆ ಬೇಸತ್ತೋ ಸ್ವಂತ ನಿರ್ಧಾರದಿಂದ ಮಾತ್ರೆ ಬಿಡುವುದು ಸಲ್ಲದು. ತೊಂದರೆಯನ್ನು ವೈದ್ಯರಿಗೆ ತಿಳಿಸಿದರೆ ಔಷಧ ಬದಲಿಸುವ ಮಾರ್ಗವಿರುತ್ತದೆ.