ಗದುಗಿನ ವಿದ್ಯಾದಾನಕ್ಕೆ ಹಣ ಕೂಡಿದ ಬಗೆ

ಗದುಗಿನ ಸೀಮೆಯಲ್ಲಿ ವಿದ್ಯಾಸಂಸ್ಥೆಯೊಂದಕ್ಕೆ ಧನಸಂಗ್ರಹವೆಂದರೆ ಇಂದು ಪ್ರತಿಷ್ಠಾನಗಳಿಗೆ ಕಳುಹುವ ಮನವಿ, ಯೋಜನಾಪತ್ರ, ಲೆಕ್ಕಪತ್ರಗಳೇ ನೆನಪಾಗುವವಾದರೂ, ಈ ವಿದ್ಯೆಯ ಪೂರ್ವಚರಿತ್ರೆ ಬೇರೆಯೇ ಆಗಿದೆ. ದತ್ತಿಯ ಮಾರ್ಗ ಹಿಂದೆಯೂ ಇಲ್ಲದಿರಲಿಲ್ಲ: 1906ರಲ್ಲಿ ತೀರಿಕೊಂಡ ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ಸಮಾಜದ ಮಕ್ಕಳ ಶಿಕ್ಷಣಕ್ಕೆ ಮೀಸಲಿಟ್ಟರು, 1916ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕೆ.ಎಲ್.ಇ. ಸಂಸ್ಥೆಯು 1933ರಲ್ಲಿ ತೆರೆದ ಕಾಲೇಜಿಗೆ ಅವರ ಹೆಸರನ್ನೇ ಇಟ್ಟಿತು.

ಆದರೆ ದೇಸಗತಿಯ ಆಸರೆಯಿಲ್ಲದವರು ಏನು ಮಾಡಬೇಕು? ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ, ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು, ಅಂಧ ಹಾಗೂ ಅನಾಥ ಬಾಲಕರಿಗೆ ಅನ್ನ, ವಸತಿ, ಸಂಗೀತವಿದ್ಯೆಗಳನ್ನು ಶುಲ್ಕವಿಲ್ಲದೆ ನೀಡಬೇಕೆಂಬ ಸಂಕಲ್ಪದಿಂದ ಭಕ್ತರ ಕಾಣಿಕೆಯನ್ನೂ, ಅದು ಸಾಲದಾದಾಗ ನಾಟಕ ಮಂಡಳಿಯನ್ನೂ ಅವಲಂಬಿಸಿದರು. ಊರೂರಿನಲ್ಲಿ ಬಿಡಾರ ಹೂಡಿ, ಪಾಠವನ್ನೂ ಪ್ರಯೋಗವನ್ನೂ ಒಂದೇ ಛಾವಣಿಯಡಿ ನಡೆಯಿಸಿದ ಆ ಮಂಡಳಿಯಲ್ಲಿ ಟಿಕೇಟಿನ ದುಡ್ಡೇ ಮರುದಿನದ ಜೋಳದ ರೊಟ್ಟಿಯಾಗುತ್ತಿತ್ತು. ಕಲಿತದ್ದನ್ನೇ ಕಲಿಕೆಯ ವೆಚ್ಚಕ್ಕೆ ತೆರುವ ಈ ಏರ್ಪಾಡು ಕಷ್ಟದ್ದು ನಿಜ. ದಾನಿಯ ಮುಖ ನೋಡಿ ಪಾಠಕ್ರಮವನ್ನು ತಿದ್ದಿಕೊಳ್ಳುವ ದೈನ್ಯ ಮಾತ್ರ ಅದರಲ್ಲಿರಲಿಲ್ಲವೆಂದು ನನ್ನ ಭಾವನೆ.

1944ರಲ್ಲಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದ ಬಳಿಕ ಭಾರವೆಲ್ಲ ಅವರ ಶಿಷ್ಯ ಪುಟ್ಟರಾಜ ಗವಾಯಿಗಳ ಹೆಗಲೇರಿತು. ನಾಟಕ ಬರೆದು, ರಾಗ ಹೊಂದಿಸಿ, ಸ್ತ್ರೀಪಾತ್ರವನ್ನೂ ಧರಿಸಿದ್ದ ಅವರಿಗೆ ಮುಂದೆ ಭಕ್ತರು ಊರೂರುಗಳಲ್ಲಿ ತುಲಾಭಾರ ನಡೆಯಿಸಿದರು. ತಕ್ಕಡಿಯ ಒಂದು ತಟ್ಟೆಯಲ್ಲಿ ಗುರುಗಳು, ಇನ್ನೊಂದರಲ್ಲಿ ನಾಣ್ಯ. ತೂಗಿ ಬಂದ ಹಣವು ಅವರು ನಡೆಸುತ್ತಿದ್ದ ಗದುಗಿನ ಪುಣ್ಯಾಶ್ರಮದ ಮಕ್ಕಳಿಗೆ ಸಲ್ಲುತ್ತಿತ್ತು.