ಬ್ರೈಟನ್ನಿನ ಗುಮ್ಮಟ, ಗುಡ್ಡದ ಛತ್ರಿ

ಇಂಗ್ಲೆಂಡಿನ ತೆಂಕಣ ಕರಾವಳಿಯ ಬ್ರೈಟನ್ನಿನಲ್ಲಿ, ಉರುಟು ಕಲ್ಲುಗಳ ಕಡಲದಂಡೆಯ ಸಮೀಪವೇ ಈರುಳ್ಳಿಯಾಕಾರದ ಗುಮ್ಮಟಗಳು ಕಾಣುತ್ತವೆ. ಮುಂದೆ ನಾಲ್ಕನೇ ಜಾರ್ಜ್ ಎನಿಸಿದ ರಾಜಕುಮಾರನ ವಿಲಾಸಕ್ಕಾಗಿ ಜಾನ್ ನ್ಯಾಶ್ 1815ರಿಂದ ಹೊಸರೂಪ ಕೊಟ್ಟ ಅರಮನೆ, ರಾಯಲ್ ಪೆವಿಲಿಯನ್. ನ್ಯಾಶ್ ಭಾರತವನ್ನು ಕಂಡವನೇ ಅಲ್ಲ.

1914ರ ಕೊನೆಗೆ ಅದೇ ಅರಮನೆ ಆಸ್ಪತ್ರೆಯಾಯಿತು. ಫ್ರಾನ್ಸಿನ ರಣರಂಗದಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳು ರಾಜನ ಸಂಗೀತಶಾಲೆಯಲ್ಲಿ ಮಲಗಿದರು. ಜಾತಿಮತಗಳಿಗೆ ತಕ್ಕಂತೆ ಒಂಬತ್ತು ಅಡುಗೆಮನೆಗಳು ಎದ್ದವು. ಸತ್ತ ಮುಸ್ಲಿಮರನ್ನು ದೂರದ ವೋಕಿಂಗಿನಲ್ಲಿ ಹೂಳಿದರು. 53 ಹಿಂದೂ, ಸಿಖ್ ಸಿಪಾಯಿಗಳನ್ನು ಊರಾಚೆಯ ಗುಡ್ಡದಲ್ಲಿ ದಹಿಸಿದರು.

ಆ ಚಿತೆಗಳ ಜಾಗದಲ್ಲಿ 1921ರಲ್ಲಿ ಅಮೃತಶಿಲೆಯ ಛತ್ರಿ ನಿಂತಿತು. ಅದರ ನಕ್ಷೆ ಬರೆದವರು ಭಾರತೀಯರೇ ಆದ ಇ.ಸಿ. ಹೆನ್ರಿಕ್ಸ್. ಪ್ರವಾಸಿಗರು ಗುಮ್ಮಟ ನೋಡಿ ಮರಳುತ್ತಾರೆ. ನಮ್ಮವರ ನೆನಪಿಗಾದರೆ ಗುಡ್ಡ ಹತ್ತಬೇಕು.